ತಿರುಗದ ಡ್ರೈಯರ್ ಸದ್ದು ಮಾಡುತ್ತಿದೆಯೇ, ಸುಮ್ಮನಿದೆಯೇ?
ಮಂಜಲ್‌ಪುರದ ಮಳೆಗಾಲ: ಕಾರೀಗರನನ್ನು ಕರೆಯುವ ಮುನ್ನ ಕನ್ನಡಿಗರ ಮನೆಗಳಲ್ಲಿ ಗಮನಿಸಬೇಕಾದ ಸಂಗತಿಗಳು

ವಡೋದರಾ: ಊರಿನಲ್ಲಿ ಆಟಿಯ ಮಳೆ ಹಿಡಿದರೆ ಬಚ್ಚಲು ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದ ನೆನಪು ಕರಾವಳಿಯಿಂದ ಬಂದ ಹಿರಿಯರಿಗೆ ಇನ್ನೂ ಇದೆ. ಕರ್ಮಭೂಮಿಯಾದ ಗುಜರಾತಿನ ಫ್ಲ್ಯಾಟುಗಳಲ್ಲಿ ಬಚ್ಚಲು ಒಲೆಯೂ ಇಲ್ಲ, ಅಂಗಳವೂ ಇಲ್ಲ. ವಡೋದರಾದ ಮಂಜಲ್‌ಪುರದಂಥ ಬಡಾವಣೆಗಳ ಮನೆಗಳಲ್ಲಿ ಆ ಒಲೆಯ ಜಾಗವನ್ನು ತುಂಬಿರುವುದು ವಾಷಿಂಗ್ ಮಶೀನಿನ ಬಲಬದಿಯ ಸಣ್ಣ ಟಬ್ಬು. ಅದಕ್ಕೆ ಎಲ್ಲರೂ ಇಟ್ಟುಕೊಂಡ ಹೆಸರು ಡ್ರೈಯರ್. ಎಂಟು ತಿಂಗಳು ಬಿಸಿಲಿಗೆ ಕೊರತೆಯಿಲ್ಲದ ಈ ನಗರದಲ್ಲಿ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಅದರ ಮಹತ್ವ ತಿಳಿಯುವುದು. ಅದು ಕೈಕೊಡುವುದೂ ಹೆಚ್ಚಾಗಿ ಅದೇ ದಿನಗಳಲ್ಲಿ.

ಹೋಟೆಲ್ ಕೆಲಸಕ್ಕೆ ನಸುಕಿನಲ್ಲೇ ಹೊರಡುವವರ ಸಮವಸ್ತ್ರ, ಮಕರಪುರ ಜಿಐಡಿಸಿಯ ಕಾರ್ಖಾನೆಗೆ ಹೋಗುವವರ ಅಂಗಿ, ಶಾಲೆಯ ಮಕ್ಕಳ ಯುನಿಫಾರಂ, ಇವು ಯಾವುದೂ ನಾಳೆಗೆ ಕಾಯುವುದಿಲ್ಲ. ಮಗಳ ಬಾಣಂತನಕ್ಕೆಂದು ಊರಿನಿಂದ ತಾಯಿ ಬಂದಿರುವ ಮನೆಯಲ್ಲಂತೂ ಮಗುವಿನ ಬಟ್ಟೆಗಳು ದಿನಕ್ಕೆ ಎರಡು ಬಾರಿ ಒಣಗಲೇಬೇಕು. ಇಂಥ ಹೊತ್ತಿನಲ್ಲಿ ಟೈಮರ್ ತಿರುಗಿಸಿದರೂ ಡ್ರೈಯರ್ ತಿರುಗದಿದ್ದರೆ ಮನೆಯವರು ಮಾಡುವುದು ಎರಡೇ ಕೆಲಸ: ಮಶೀನಿಗೆ ನಾಲ್ಕು ತಟ್ಟುವುದು, ಇಲ್ಲವೇ "ಮೋಟಾರು ಸುಟ್ಟಿದೆ" ಎಂದು ತಾವೇ ತೀರ್ಮಾನಿಸಿ ಕಾರೀಗರನಿಗೆ ಫೋನ್ ಮಾಡುವುದು. ಆದರೆ ತಿರುಗದ ಡ್ರೈಯರ್‌ಗಳೆಲ್ಲ ಮೋಟಾರು ಸುಟ್ಟವುಗಳಲ್ಲ. ಮುಚ್ಚಳದ ಸ್ವಿಚ್ಚು, ಮಡಚಿಕೊಂಡ ನೀರಿನ ಪೈಪು, ಒಳಗೆ ಸಿಕ್ಕಿಕೊಂಡ ಮಗುವಿನ ಕಾಲುಚೀಲ, ಇವೂ ಅದನ್ನು ನಿಲ್ಲಿಸಬಲ್ಲವು.

ಮೊದಲು ಕಿವಿಗೊಡಿ

ಈ ಡ್ರೈಯರ್ ಬಿಸಿ ಗಾಳಿಯಿಂದ ಒಣಗಿಸುವ ಯಂತ್ರವಲ್ಲ. ಬಟ್ಟೆಯನ್ನು ವೇಗವಾಗಿ ತಿರುಗಿಸಿ, ನೀರನ್ನು ಟಬ್ಬಿನ ತೂತುಗಳಿಂದ ಹೊರಗೆ ಎಸೆಯುವುದಷ್ಟೇ ಅದರ ಕೆಲಸ. ಎರಡು ಟಬ್ಬುಗಳ ಸೆಮಿ ಆಟೋಮ್ಯಾಟಿಕ್ ಮಶೀನಿನಲ್ಲಿ ಮೋಟಾರುಗಳೂ ಎರಡು: ಒಗೆಯಲು ಒಂದು, ಹಿಂಡಲು ಇನ್ನೊಂದು. ಆದ್ದರಿಂದ ಮೊದಲ ಪರೀಕ್ಷೆ ಬಹಳ ಸರಳ. ಒಗೆಯುವ ಕಡೆಯ ಟೈಮರ್ ತಿರುಗಿಸಿ ನೋಡಬೇಕು. ಅದು ನಡೆದರೆ ಪ್ಲಗ್ಗು, ವಯರು, ಮನೆಯ ವಿದ್ಯುತ್ತು ಸರಿಯಾಗಿವೆ, ದೋಷ ಇರುವುದು ಡ್ರೈಯರ್ ಬದಿಯಲ್ಲಿ ಎಂದಾಯಿತು. ಎರಡೂ ನಡೆಯದಿದ್ದರೆ ಎಂಸಿಬಿ ಕೆಳಗೆ ಬಿದ್ದಿದೆಯೇ, ಆ ಸಾಕೆಟ್ಟಿನಲ್ಲಿ ಬೇರೆ ಉಪಕರಣ ನಡೆಯುತ್ತದೆಯೇ ಎಂದು ನೋಡಬೇಕು. ಮಶೀನನ್ನು ದೂಷಿಸುವ ಮುನ್ನ ಸಾಕೆಟ್ಟನ್ನು ವಿಚಾರಿಸಬೇಕು.

ಎರಡನೆಯ ಪರೀಕ್ಷೆ ಕಿವಿಯದು. ಮುಚ್ಚಳ ಹಾಕಿ ಟೈಮರ್ ತಿರುಗಿಸಿದಾಗ ಡ್ರೈಯರ್ "ಹೂಂ" ಎಂದು ಗುನುಗುತ್ತಿದೆಯೇ, ಇಲ್ಲವೇ ಸದ್ದೇ ಇಲ್ಲವೇ? ಸದ್ದೇ ಇಲ್ಲದಿದ್ದರೆ ಮೋಟಾರಿಗೆ ವಿದ್ಯುತ್ ತಲುಪುತ್ತಿಲ್ಲ. ಗುನುಗುತ್ತಿದ್ದರೆ ವಿದ್ಯುತ್ ತಲುಪುತ್ತಿದೆ, ಆದರೆ ಏನೋ ತಿರುಗಲು ಬಿಡುತ್ತಿಲ್ಲ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಅರ್ಧ ರೋಗ ಪತ್ತೆಯಾದಂತೆಯೇ.

ಸದ್ದೇ ಇಲ್ಲದಿದ್ದರೆ

ಡ್ರೈಯರ್ ಮುಚ್ಚಳದ ಕೆಳಗೆ ಸಣ್ಣ ಸ್ವಿಚ್ಚೊಂದಿದೆ. ಮುಚ್ಚಳ ಪೂರ್ತಿ ಕೂತಾಗಲೇ ಅದು ವಿದ್ಯುತ್ತನ್ನು ಮೋಟಾರಿಗೆ ಬಿಡುತ್ತದೆ. ವರ್ಷಗಟ್ಟಲೆ ತೆರೆದು ಮುಚ್ಚಿ ಮುಚ್ಚಳದ ಕೀಲು ಸವೆದರೆ, ಅಥವಾ ಸಾಬೂನಿನ ಪುಡಿ ಅಂಟಿ ಮುಚ್ಚಳ ಒಂದು ಎಳೆ ಮೇಲೆದ್ದರೆ ಸ್ವಿಚ್ಚು ಒತ್ತುವುದಿಲ್ಲ. ಒಣ ಕೈಯಿಂದ ಮುಚ್ಚಳವನ್ನು ಮೆಲ್ಲಗೆ ಒತ್ತಿ ಹಿಡಿದಾಗ ಡ್ರೈಯರ್ ಶುರುವಾದರೆ ದೋಷ ಅಲ್ಲೇ ಇದೆ. ಬಟ್ಟೆಯ ಮೇಲೆ ಇಡುವ ಒಳಮುಚ್ಚಳ ಮೇಲೆದ್ದು ಹೊರಮುಚ್ಚಳಕ್ಕೆ ತಾಗುತ್ತಿದ್ದರೂ ಇದೇ ತೊಂದರೆ.

ಮುಚ್ಚಳ ಸರಿಯಾಗಿದ್ದೂ ಸದ್ದಿಲ್ಲದಿದ್ದರೆ ಟೈಮರ್ ಕೆಟ್ಟಿರಬಹುದು, ಅಥವಾ ವಯರು ತುಂಡಾಗಿರಬಹುದು. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಬರುವ ಇಲಿಗಳಿಗೆ ಮಶೀನಿನ ತಳ ಒಳ್ಳೆಯ ಬಿಡಾರ. ಒಳಗಿನ ವಯರುಗಳನ್ನು ಅವು ಕಡಿದು ಹಾಕುತ್ತವೆ. ಗುಜರಾತಿ ಮನೆಗಳಲ್ಲಿ ಪಾತ್ರೆ, ಬಟ್ಟೆ ತೊಳೆಯಲೆಂದೇ ಇರುವ "ಚೋಕಡಿ"ಯ ಪಕ್ಕದಲ್ಲಿ ಮಶೀನು ಇಟ್ಟಿದ್ದರೆ ತಳದ ಜಾಲರಿ ಗಟ್ಟಿಯಾಗಿದೆಯೇ ಎಂದು ಮಳೆಗೆ ಮುನ್ನವೇ ನೋಡುವುದು ಒಳಿತು.

ಇನ್ನೊಂದು ಸಂಗತಿಯೂ ಇದೆ. ಒಂದರ ಮೇಲೊಂದು ರಾಶಿ ಬಟ್ಟೆ ಹಿಂಡಿದ ಮೇಲೆ ಡ್ರೈಯರ್ ನಿಂತು, ಒಂದು ಗಂಟೆಯ ಬಳಿಕ ತಾನೇ ಸರಿಯಾದರೆ ಅದು ಪವಾಡವಲ್ಲ. ಅತಿಯಾಗಿ ಬಿಸಿಯಾದ ಮೋಟಾರನ್ನು ಅದರೊಳಗಿನ ರಕ್ಷಣಾ ವ್ಯವಸ್ಥೆ ತಡೆದು ನಿಲ್ಲಿಸಿ, ತಣಿದ ಮೇಲೆ ಬಿಟ್ಟಿರುತ್ತದೆ. ಪದೇ ಪದೇ ಹೀಗಾಗುತ್ತಿದ್ದರೆ ಅದು ಮುನ್ಸೂಚನೆ.

ಗುನುಗಿ ತಿರುಗದಿದ್ದರೆ

ಗುನುಗುವ ಮೋಟಾರನ್ನು ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಾಗೇ ಬಿಡಬಾರದು. ತಿರುಗದೆ ನಿಂತ ಮೋಟಾರು ಬೇಗನೆ ಕಾಯುತ್ತದೆ, ಆಗ ಸುರುಳಿ ನಿಜವಾಗಿಯೂ ಸುಡುತ್ತದೆ. ಟೈಮರ್ ಸೊನ್ನೆಗೆ ತಂದು, ಪ್ಲಗ್ ಕಿತ್ತ ಮೇಲೆಯೇ ಮುಂದಿನ ಕೆಲಸ.

ಮೊದಲು ಟಬ್ಬಿನ ಸುತ್ತಲಿನ ಸಂದಿಯನ್ನು ಟಾರ್ಚ್ ಹಿಡಿದು ನೋಡಬೇಕು. ಕರವಸ್ತ್ರ, ಕಾಲುಚೀಲ, ಮಗುವಿನ ಟೊಪ್ಪಿ ಮೇಲಿನಿಂದ ಜಾರಿ ಕೆಳಗಿನ ದಂಡಕ್ಕೆ ಸುತ್ತಿಕೊಳ್ಳುವುದು ಸಾಮಾನ್ಯ. ಅನಂತರ ನೀರು ಹೊರಹೋಗುವ ಪೈಪು. ಒಗೆಯುವಾಗ ಮೇಲಕ್ಕೆತ್ತಿ ಸಿಕ್ಕಿಸಿದ ಪೈಪನ್ನು ಕೆಳಗಿಳಿಸಲು ಮರೆತಿದ್ದರೆ, ಅಥವಾ ಅದು ಮಶೀನಿನ ಹಿಂದೆ ಮಡಚಿಕೊಂಡಿದ್ದರೆ, ಡ್ರೈಯರ್ ತಳದಲ್ಲಿ ನೀರು ನಿಂತು ಟಬ್ಬು ವೇಗ ಹಿಡಿಯುವುದಿಲ್ಲ. ಬಟ್ಟೆ ಒಂದೇ ಬದಿಗೆ ವಾಲಿದ್ದರೂ ಹೀಗೆಯೇ. ಬಟ್ಟೆಯನ್ನು ಸಮನಾಗಿ ಹರಡಿ, ಒಳಮುಚ್ಚಳವನ್ನು ಒತ್ತಿ ಕೂರಿಸಬೇಕು. ರೈನ್‌ಕೋಟು, ಪ್ಲಾಸ್ಟಿಕ್ ಹೊದಿಕೆಯಂಥ ನೀರು ಬಿಡದ ವಸ್ತುಗಳನ್ನು ಡ್ರೈಯರ್‌ಗೆ ಹಾಕಲೇಬಾರದು. ಅವುಗಳೊಳಗೆ ನೀರು ನಿಂತು, ವೇಗ ಏರಿದಾಗ ಮಶೀನೇ ಕುಣಿಯುತ್ತದೆ. ನವರಾತ್ರಿಯ ಗರ್ಬಾ ಮುಗಿದ ಮೇಲೆ ಕನ್ನಡಿ ಕೂರಿಸಿದ ಭಾರದ ಚಣಿಯಾ ಚೋಳಿಯನ್ನು ಹಿಂಡಲು ಹೊರಡುವ ಹೆಣ್ಣುಮಕ್ಕಳಿಗೂ ಇದೇ ಕಿವಿಮಾತು.

ಇಲ್ಲಿ ಹಲವರು ಎಡವುವ ವಿಷಯವೊಂದಿದೆ. ಮುಚ್ಚಳ ತೆರೆದು ಟಬ್ಬನ್ನು ಕೈಯಿಂದ ತಿರುಗಿಸಿ, ಗಟ್ಟಿಯಾಗಿದ್ದರೆ "ಜಾಮ್ ಆಗಿದೆ" ಎನ್ನುತ್ತಾರೆ. ಮುಚ್ಚಳ ತೆರೆದಾಗ ಬ್ರೇಕು ಟಬ್ಬನ್ನು ಹಿಡಿದುಕೊಳ್ಳುವುದು ಯಂತ್ರದ ಸ್ವಭಾವ. ತಿರುಗುವ ಟಬ್ಬಿಗೆ ಯಾರದಾದರೂ ಕೈ ಸಿಗಬಾರದೆಂದೇ ಆ ಏರ್ಪಾಡು. ಹಾಗಾಗಿ ಆ ಬಿಗಿತ ದೋಷವಲ್ಲ. ಮುಚ್ಚಳ ಹಾಕಿದ ಮೇಲೂ ಬ್ರೇಕು ಬಿಡದಿದ್ದರೆ ಮಾತ್ರ ದೋಷ. ಬ್ರೇಕಿನ ತಂತಿ ತುಕ್ಕು ಹಿಡಿದು ಅಥವಾ ಸಡಿಲವಾಗಿ ಹೀಗಾಗುತ್ತದೆ.

ಉಳಿದದ್ದು ಕೆಪ್ಯಾಸಿಟರ್. ನಿಂತ ಮೋಟಾರಿಗೆ ಮೊದಲ ನೂಕು ಕೊಡುವುದು ಅದೇ. ಅದು ದುರ್ಬಲವಾದರೆ ಮೋಟಾರು ಗುನುಗುತ್ತದೆ, ಹೊರಡುವುದಿಲ್ಲ. ಕೈಯಿಂದ ಟಬ್ಬಿಗೆ ನೂಕು ಕೊಟ್ಟರೆ ಹೊರಡುತ್ತದೆ ಎಂದು ಕೆಲವರು ಉಪಾಯ ಹೇಳುವುದುಂಟು. ನೂಕುವ ಕೈ ಅಲ್ಲಿಂದ ಹೊರಬರುವ ಮೊದಲೇ ಟಬ್ಬು ವೇಗ ಹಿಡಿಯಬಲ್ಲದು. ಆ ಉಪಾಯವನ್ನು ಮರೆಯುವುದೇ ಕ್ಷೇಮ. ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರಿನಲ್ಲಿ ವಿದ್ಯುತ್ ಉಳಿದಿರಬಹುದು. ಆದ್ದರಿಂದ ಮಶೀನಿನ ಹಿಂಬದಿಯ ಸ್ಕ್ರೂ ಬಿಚ್ಚುವುದು ತಿಳಿದವರ ಕೆಲಸ.

ಜೀವಕ್ಕೆ ಕುತ್ತಾಗುವ ಮೂರು ಜುಗಾಡ್

ಮುಚ್ಚಳದ ಸ್ವಿಚ್ಚು ಕೆಟ್ಟಾಗ ಅದರ ಎರಡು ವಯರುಗಳನ್ನು ನೇರವಾಗಿ ಜೋಡಿಸಿ "ಚಾಲೂ ಆಯ್ತು" ಎನ್ನುವುದು ಮೊದಲನೆಯದು. ಆ ಮೇಲೆ ಮುಚ್ಚಳ ತೆರೆದಿದ್ದರೂ ಮೋಟಾರು ತಿರುಗುತ್ತದೆ. ಮಕ್ಕಳಿರುವ ಮನೆಯಲ್ಲಿ ಇದಕ್ಕಿಂತ ದೊಡ್ಡ ಅಪಾಯ ಬೇರಿಲ್ಲ. ತಿರುಗುವ ಬಟ್ಟೆ ಕೈಗೆ ಸುತ್ತಿಕೊಂಡರೆ ಮೂಳೆ ಉಳಿಯುವುದು ಕಷ್ಟ.

ಎರಡನೆಯದು ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನನ್ನು ಬಿಟ್ಟು, ಎರಡೇ ವಯರು ಸಿಕ್ಕಿಸುವುದು. ನಮ್ಮ ದೇಶದ ಪ್ಲಗ್ಗುಗಳಲ್ಲಿ ಅರ್ಥ್ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿರುವುದು ಸುಮ್ಮನೆ ಅಲ್ಲ. ಉಪಕರಣಕ್ಕೆ ವಿದ್ಯುತ್ ಬರುವ ಮುನ್ನ ಭೂಸಂಪರ್ಕ ಸಿಗಲಿ ಎಂದೇ ಹಾಗೆ ಮಾಡಿದ್ದಾರೆ. ಒದ್ದೆ ನೆಲ, ಬರಿಗಾಲು, ಮುಟ್ಟಿದರೆ "ಜುಂ" ಎನ್ನುವ ಮಶೀನು, ಈ ಮೂರು ಒಂದಾದರೆ ಮನೆಗೆ ದುಃಖವೇ ಗತಿ. ಮಶೀನು ಮುಟ್ಟಿದಾಗ ಸ್ವಲ್ಪವೇ ಜುಮುಗುಟ್ಟಿದರೂ ಆ ಕ್ಷಣವೇ ಬಳಕೆ ನಿಲ್ಲಿಸಬೇಕು. ಆದರೆ ಒದ್ದೆ ಕೈಯಿಂದ ಪ್ಲಗ್ ಕೀಳಲು ಹೋಗದೆ, ಮೊದಲು ಎಂಸಿಬಿ ಇಳಿಸಬೇಕು.

ಮೂರನೆಯದು ಪದೇ ಪದೇ ಬೀಳುವ ಆರ್‌ಸಿಸಿಬಿಯನ್ನು ತಪ್ಪಿಸಿ ಲೈನು ಎಳೆಯುವುದು. ಮನೆಗಳಲ್ಲಿ ಹಾಕುವ 30 ಮಿಲಿ ಆಂಪಿಯರ್‌ನ ಈ ಸಾಧನ ವಿದ್ಯುತ್ ಎಲ್ಲೋ ಸೋರುತ್ತಿದೆ ಎಂದು ಕಂಡಾಗಲೇ ಬೀಳುತ್ತದೆ. ಅದು ಉಪದ್ರವವಲ್ಲ, ಮನೆಯ ಕಾವಲುಗಾರ.

ನೆರೆ ನೀರು ಹೊಕ್ಕ ಮಶೀನು

2019ರ ಜುಲೈ 31ರಂದು ಒಂದೇ ದಿನದಲ್ಲಿ ಸುಮಾರು 20 ಇಂಚು ಮಳೆ ಸುರಿದು, ವಿಶ್ವಾಮಿತ್ರಿಯ ಮೊಸಳೆಗಳು ವಡೋದರಾದ ಬೀದಿಗೆ ಬಂದದ್ದನ್ನು ಇಲ್ಲಿಯ ಬಂಧುಗಳು ಮರೆತಿಲ್ಲ. 2024ರ ಆಗಸ್ಟ್ ಕೊನೆಯಲ್ಲಿ ಅದೇ ನದಿ ಅಪಾಯದ ಮಟ್ಟ ಮೀರಿ ಹರಿದಾಗ ನಗರದ ಎಷ್ಟೋ ಮನೆಗಳ ನೆಲಮಹಡಿಗೆ ನೀರು ನುಗ್ಗಿತು. ಸೂರತ್‌ನವರಿಗೆ 2006ರ ಆಗಸ್ಟ್‌ನಲ್ಲಿ ಉಕ್ಕಿದ ತಾಪಿಯ ನೆನಪಿದೆ. ಹೀಗೆ ನೀರು ಹೊಕ್ಕ ಮಶೀನಿಗೆ "ಒಮ್ಮೆ ಹಾಕಿ ನೋಡೋಣ" ಎಂಬ ಮಾತು ಸಲ್ಲದು. ಮೇಲ್ಮೈ ಒಣಗಿದಂತೆ ಕಂಡರೂ ಮೋಟಾರಿನ ಸುರುಳಿ, ಟೈಮರ್, ಸ್ವಿಚ್ಚುಗಳಲ್ಲಿ ಕೆಸರೂ ತೇವವೂ ಉಳಿದಿರುತ್ತವೆ. ನಾಲ್ಕು ದಿನ ಬಿಸಿಲಿಗಿಟ್ಟರೆ ಸಾಲದು. ಕಾರೀಗರನು ಬಿಚ್ಚಿ, ತೊಳೆದು, ಒಣಗಿಸಿ, ಮೆಗ್ಗರ್ ಎಂಬ ಸಾಧನದಿಂದ ಮೋಟಾರಿನ ಇನ್ಸುಲೇಶನ್ ಪರೀಕ್ಷಿಸಿದ ಬಳಿಕವೇ ಪ್ಲಗ್ ಹಾಕಬೇಕು. ನೆಲಮಹಡಿಯವರು ಮಳೆಗೆ ಮುನ್ನವೇ ಮಶೀನನ್ನು ಎತ್ತರದ ಕಟ್ಟೆಯ ಮೇಲಿಟ್ಟರೆ ಅರ್ಧ ಚಿಂತೆ ಕಡಿಮೆ.

ಬಿಸಿ ಗಾಳಿಯ ಡ್ರೈಯರ್ ಇದ್ದವರಿಗೆ

ಅಮೆರಿಕ, ಕೆನಡಾದ ಮಕ್ಕಳ ಮನೆಗೆ ಹೋಗಿ ಬಂದ ಹಿರಿಯರು ಕಂಡಿರುವ ಬಿಸಿ ಗಾಳಿಯ ಡ್ರೈಯರ್‌ಗಳು ಈಚೆಗೆ ಇಲ್ಲಿಯ ಕೆಲವು ಮನೆಗಳಿಗೂ ಬಂದಿವೆ. ಅವು ಶುರುವಾಗದಿದ್ದರೆ ನೋಡಬೇಕಾದದ್ದು: ಬಾಗಿಲು "ಟಕ್" ಎಂದು ಕೂತಿದೆಯೇ, ಚೈಲ್ಡ್ ಲಾಕ್ ಬಿದ್ದಿದೆಯೇ, ನೀರು ಸಂಗ್ರಹವಾಗುವ ಮಾದರಿಯಲ್ಲಿ ತೊಟ್ಟಿ ತುಂಬಿದೆಯೇ, ಪ್ಲಗ್ ಹಾಕಿರುವುದು ದೊಡ್ಡ ಪವರ್ ಸಾಕೆಟ್ಟಿಗೇ ಹೌದೇ. ಮುಖ್ಯವಾಗಿ, ಬಟ್ಟೆಯ ನೂಲುಧೂಳು ಹಿಡಿಯುವ ಜಾಲರಿಯನ್ನು ಪ್ರತಿ ಸಲವೂ ತೆಗೆದು ಸ್ವಚ್ಛ ಮಾಡಬೇಕು. ಅದು ಕಟ್ಟಿಕೊಂಡರೆ ಒಳಗೆ ಬಿಸಿ ಏರಿ ಥರ್ಮಲ್ ಫ್ಯೂಸು ಕಡಿಯುತ್ತದೆ. ಅಮೆರಿಕದ ಅಗ್ನಿಶಾಮಕ ಆಡಳಿತವು 2008ರಿಂದ 2010ರವರೆಗಿನ ಲೆಕ್ಕದಲ್ಲಿ ಅಲ್ಲಿಯ ವಸತಿ ಕಟ್ಟಡಗಳಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿ ಪ್ರಕರಣಗಳನ್ನು ಅಂದಾಜಿಸಿ, ಸ್ವಚ್ಛಗೊಳಿಸದಿರುವುದನ್ನೇ ಮೊದಲ ಕಾರಣವೆಂದು ಹೆಸರಿಸಿತ್ತು. ಕಡಿದ ಫ್ಯೂಸಿನ ಜಾಗಕ್ಕೆ ತಂತಿ ಸುತ್ತುವುದೆಂದರೆ ಆ ಬೆಂಕಿಗೆ ಬಾಗಿಲು ತೆರೆದಂತೆ.

ಕಾರೀಗರನಿಗೆ ಏನು ಹೇಳಬೇಕು?

ಭಾಷೆಯ ತೊಡಕಿನಿಂದ "ಮಶೀನ್ ಖರಾಬ್" ಎಂದಷ್ಟೇ ಹೇಳಿ ಫೋನ್ ಇಡುವವರು ಅನೇಕರು. ಹೊಸದಾಗಿ ಊರಿನಿಂದ ಬಂದ ಗೃಹಿಣಿಯರಿಗೆ ಮೂರು ಗುಜರಾತಿ ವಾಕ್ಯ ಸಾಕು. ಸದ್ದೇ ಇಲ್ಲದಿದ್ದರೆ, "ಬಿಲ್ಕುಲ್ ಬಂಧ್ ಛೇ, ಅವಾಜ್ ಪಣ್ ನಥೀ ಆವತೋ." ಗುನುಗುತ್ತಿದ್ದರೆ, "ಅವಾಜ್ ಆವೇ ಛೇ, ಪಣ್ ಫರ್ತುಂ ನಥೀ." ಇಷ್ಟು ಹೇಳಿದರೆ ಕಾರೀಗರನು ಬೇಕಾದ ಬಿಡಿಭಾಗವನ್ನು ಮೊದಲ ಸಲವೇ ತರಬಲ್ಲ, ಎರಡನೆಯ ಭೇಟಿಯ ಹಣ ಉಳಿಯುತ್ತದೆ. ಸ್ವಿಚ್ಚು, ಕೆಪ್ಯಾಸಿಟರು ಸಣ್ಣ ಖರ್ಚು, ಮೋಟಾರು ದೊಡ್ಡ ಖರ್ಚು. ಮೋಟಾರೇ ಹೋಗಿದೆ ಎಂದರೆ ಕೆಪ್ಯಾಸಿಟರ್ ಬದಲಿಸಿ ನೋಡಿದ್ದಾರೆಯೇ ಎಂದು ಕೇಳುವ ಹಕ್ಕು ಮನೆಯವರಿಗಿದೆ. ಕೆಲಸ ಮುಗಿದ ಮೇಲೆ ಮೂರನೆಯ ವಾಕ್ಯ, "ಜೂನೋ ಪಾರ್ಟ್ ಪಾಛೋ ಆಪಜೋ." ಹಳೆಯ ಬಿಡಿಭಾಗ ಕೈಗೆ ಬಂದರೆ ಬದಲಿಸಿದ್ದು ನಿಜವೆಂದು ಗೊತ್ತಾಗುತ್ತದೆ.

ಕನ್ನಡ ಸಂಘಗಳ ಮಹಿಳಾ ವಿಭಾಗಗಳು ಆಷಾಢಕ್ಕೆ ಮೊದಲು ಒಂದು ಭಾನುವಾರ, ಸದಸ್ಯರಲ್ಲೇ ಇರುವ ಎಲೆಕ್ಟ್ರಿಶಿಯನ್ನರನ್ನೋ ಎಂಜಿನಿಯರರನ್ನೋ ಕರೆಸಿ ಅರ್ಧ ತಾಸಿನ ಪ್ರಾತ್ಯಕ್ಷಿಕೆ ಏರ್ಪಡಿಸಿದರೆ ಖರ್ಚಿಲ್ಲದ ದೊಡ್ಡ ಉಪಕಾರವಾದೀತು. ಮಕ್ಕಳು ಹೊರದೇಶದಲ್ಲಿದ್ದು ಇಬ್ಬರೇ ಇರುವ ಹಿರಿಯರ ಮನೆಗಳಿಗಂತೂ ಇದು ತೀರಾ ಅಗತ್ಯ. ಅಂಥ ಮನೆಗಳಲ್ಲಿ ಮಶೀನಿನ ಮೇಲಿನ ಗೋಡೆಗೆ ಒಂದು ಚೀಟಿ ಅಂಟಿಸಿಡಬಹುದು: ಮೊದಲು ಸದ್ದು ಕೇಳಿ, ಆಮೇಲೆ ಪ್ಲಗ್ ಕೀಳಿ, ಹಿಂಬದಿಯ ಸ್ಕ್ರೂ ಮುಟ್ಟಬೇಡಿ. ಬಟ್ಟೆ ಒಂದು ದಿನ ತಡವಾಗಿ ಒಣಗಿದರೆ ನಷ್ಟವೇನಿಲ್ಲ.