ನೊಂದವರಿಗೂ ನ್ಯಾಯಾಲಯದಲ್ಲಿ ದನಿ ಬಂದ ಬಗೆ

ಏಟು ತಿಂದವರು ಒಬ್ಬರು, ಮೊಕದ್ದಮೆ ನಡೆಸುವುದು ಸರ್ಕಾರ. ನೊಂದವರು ದೂರು ಕೊಟ್ಟು, ಕಟಕಟೆಯಲ್ಲಿ ನಿಂತು ಸಾಕ್ಷಿ ನುಡಿದರೆ ಅವರ ಪಾತ್ರ ಮುಗಿಯಿತು ಎಂಬುದು ನಮ್ಮ ನ್ಯಾಯಾಲಯಗಳಲ್ಲಿ ಬಹುಕಾಲ ನಡೆದುಬಂದ ರೂಢಿ. ಅಪರಾಧವೆಂದರೆ ಇಡೀ ಸಮಾಜಕ್ಕೆ ಬಗೆದ ದ್ರೋಹ, ಹಾಗಾಗಿ ಶಿಕ್ಷೆ ಕೊಡಿಸುವುದು ಪ್ರಭುತ್ವದ ಹೊಣೆ ಎನ್ನುವ ತತ್ವ ಇದರ ಹಿಂದಿದೆ. ತತ್ವವೇನೋ ಸರಿ, ಬಡವರ ಪರವಾಗಿ ಸರ್ಕಾರವೇ ವಾದಿಸುತ್ತದೆ. ಆದರೆ ಪೊಲೀಸರು ದೂರನ್ನೇ ತೆಗೆದುಕೊಳ್ಳದಿದ್ದರೆ? ಪ್ರಕರಣ ಮುಚ್ಚುವ ‘ಬಿ ರಿಪೋರ್ಟ್’ ಹಾಕಿ ಕೈತೊಳೆದುಕೊಂಡರೆ?

ಬ್ರಿಟಿಷರ ಕಾಲದ ಸಂಹಿತೆಯಲ್ಲೇ ಇದಕ್ಕೊಂದು ದಾರಿ ಇತ್ತು. ಅದೇ ಖಾಸಗಿ ದೂರು, ವಕೀಲರ ಬಾಯಲ್ಲಿ ‘ಪಿಸಿಆರ್’. 1898ರ ದಂಡ ಪ್ರಕ್ರಿಯಾ ಸಂಹಿತೆಯ 200ನೇ ಸೆಕ್ಷನ್, 1973ರ ಸಂಹಿತೆಯಲ್ಲೂ ಅದೇ ಸಂಖ್ಯೆಯಲ್ಲಿ ಮುಂದುವರಿಯಿತು. ದೂರುದಾರರು ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ ಹೇಳಿಕೆ ಕೊಡಬಹುದು. ಹುರುಳಿದೆ ಎನಿಸಿದರೆ ಸಮನ್ಸ್, ಇಲ್ಲವಾದರೆ ವಜಾ. ಚೆಕ್ ಬೌನ್ಸ್, ಮಾನನಷ್ಟದ ಪ್ರಕರಣಗಳು ಬರುವುದು ಈ ದಾರಿಯಲ್ಲೇ.

ಈ ಹಕ್ಕಿಗೆ ದೊಡ್ಡ ಬಲ ಬಂದದ್ದು 1984ರಲ್ಲಿ. ಮಹಾರಾಷ್ಟ್ರದ ಮಾಜಿ ಮುಖ್ಯಮಂತ್ರಿ ಎ.ಆರ್. ಅಂತುಳೆ ವಿರುದ್ಧ ರಾಮದಾಸ್ ನಾಯಕ್ ಸಲ್ಲಿಸಿದ್ದ ಖಾಸಗಿ ದೂರನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಎತ್ತಿಹಿಡಿಯಿತು. ಕಾನೂನು ಸ್ಪಷ್ಟವಾಗಿ ತಡೆಯದ ಹೊರತು ಕ್ರಿಮಿನಲ್ ಪ್ರಕ್ರಿಯೆಯನ್ನು ಯಾರು ಬೇಕಾದರೂ ಆರಂಭಿಸಬಹುದು ಎಂದಿತು. ಮರುವರ್ಷ, ಸುಟ್ಟಗಾಯಗಳಿಂದ ಸತ್ತ ಮಗಳಿಗಾಗಿ ತಂದೆಯೊಬ್ಬರು ಹೂಡಿದ್ದ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೊಂದು ಹೆಜ್ಜೆ ಇಟ್ಟಿತು: ಪ್ರಕರಣ ಮುಚ್ಚುವ ಮೊದಲು ಮೊದಲ ಮಾಹಿತಿ ಕೊಟ್ಟವರ ಮಾತನ್ನು ಮ್ಯಾಜಿಸ್ಟ್ರೇಟ್ ಕೇಳಲೇಬೇಕು.

ಮುಂದಿನ ತಿರುವಿನಲ್ಲಿ ಕನ್ನಡಿಗರೊಬ್ಬರಿದ್ದಾರೆ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ, ವಿಚಾರಣೆಯಲ್ಲಿ ಸಂತ್ರಸ್ತರಿಗೂ ಪಾಲಿರಬೇಕೆಂದು 2003ರಲ್ಲಿ ಶಿಫಾರಸು ಮಾಡಿತು. 2009ರ ಡಿಸೆಂಬರ್ 31ರಂದು ಜಾರಿಗೆ ಬಂದ ತಿದ್ದುಪಡಿಯಿಂದ ‘ಸಂತ್ರಸ್ತ’ರು ಯಾರೆಂಬುದು ಸಂಹಿತೆಯಲ್ಲೇ ನಮೂದಾಯಿತು. ಸರ್ಕಾರಿ ಅಭಿಯೋಜಕರಿಗೆ ನೆರವಾಗಲು ತಮ್ಮದೇ ವಕೀಲರನ್ನು ಇಟ್ಟುಕೊಳ್ಳುವ ಅವಕಾಶ, ಆರೋಪಿ ಖುಲಾಸೆಯಾದರೆ ಮೇಲ್ಮನವಿಯ ಹಕ್ಕು, ಪರಿಹಾರ ಯೋಜನೆ ಎಲ್ಲವೂ ಬಂದವು.

ಹಾಳೆಯ ಮೇಲಿನ ಹಕ್ಕು ಕೈಗೆ ಸಿಗಲು ಮತ್ತೆ ಹೋರಾಡಬೇಕಾಯಿತು. ಬಾಗಲಕೋಟೆಯ ಸೆಷನ್ಸ್ ನ್ಯಾಯಾಲಯ 2013ರಲ್ಲಿ ಹಲ್ಲೆ ಪ್ರಕರಣವೊಂದರ ಆರೋಪಿಗಳನ್ನು ಖುಲಾಸೆ ಮಾಡಿತು. ಹಲ್ಲೆಗೊಳಗಾದವರ ಮೇಲ್ಮನವಿ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಸಂತ್ರಸ್ತರು ಅನುಮತಿ ಬೇಡದೆಯೇ ಮೇಲ್ಮನವಿ ಸಲ್ಲಿಸಬಹುದೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ಹೇಳುವ ಹೊತ್ತಿಗೆ ಆ ವ್ಯಕ್ತಿ ತೀರಿಕೊಂಡಿದ್ದರು. ಅವರ ವಾರಸುದಾರರು ಮೊಕದ್ದಮೆ ನಡೆಸಿದ್ದರು. 2022ರಲ್ಲಿ, ಉತ್ತರ ಪ್ರದೇಶದ ಲಖಿಂಪುರ ಖೇರಿಯಲ್ಲಿ ರೈತರ ಮೇಲೆ ವಾಹನ ಹರಿದ ಪ್ರಕರಣದಲ್ಲಿ, ಜಾಮೀನಿನ ವಿಚಾರಣೆಯಲ್ಲೂ ಸಂತ್ರಸ್ತರ ಮಾತು ಕೇಳಬೇಕೆಂದು ತೀರ್ಪಾಯಿತು.

ಹಗೆ ತೀರಿಸಿಕೊಳ್ಳಲು ಸುಳ್ಳು ದೂರು ಹೂಡುವವರೂ ಇದ್ದಾರೆ, ನಿಜ. ಅದಕ್ಕೇ 1973ರ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಸೆಕ್ಷನ್, ಖಾಸಗಿ ದೂರನ್ನು ಪರಿಗಣನೆಗೆ ತೆಗೆದುಕೊಳ್ಳುವ ಮೊದಲು ಆರೋಪಿಗೂ ಮಾತಾಡಲು ಅವಕಾಶ ಕೊಟ್ಟಿದೆ. ಇದು ನ್ಯಾಯವೇ. ಅದೇ ಸಂಹಿತೆ, ತನಿಖೆ ಎಲ್ಲಿಗೆ ಬಂತೆಂದು 90 ದಿನಗಳೊಳಗೆ ದೂರುದಾರರಿಗೆ ತಿಳಿಸಬೇಕೆಂದು ಪೊಲೀಸರಿಗೂ ಹೇಳಿದೆ.

ಇಷ್ಟೆಲ್ಲ ಹಕ್ಕುಗಳು ಗೊತ್ತಿಲ್ಲದವರೇ ನಮ್ಮಲ್ಲಿ ಹೆಚ್ಚು. ಠಾಣೆಯಿಂದ ಬರಿಗೈಲಿ ಮರಳಿದವರು ನಿಮ್ಮ ಕೇರಿಯಲ್ಲಿದ್ದರೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲಿಗೆ ಅವರನ್ನು ಕರೆದೊಯ್ಯಿರಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಲ್ಲಿ ವಕೀಲರ ನೆರವು ಉಚಿತ.