ತಕ್ಕಡಿಗೆ ಬರಬೇಕಾದದ್ದು ಯಾವುದು? ಗಾಂಜಾ ಪ್ರಕರಣಗಳೂ ಮೇಲ್ಮನವಿ ನ್ಯಾಯಾಲಯಗಳೂ

ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ಗಾಂಜಾ ಪ್ರಕರಣವೊಂದರಲ್ಲಿ ಶಿಕ್ಷೆಯಾದರೆ, ಹಾಸನ ಜಿಲ್ಲೆಯು ಕರ್ನಾಟಕ ಹೈಕೋರ್ಟಿನ ಬೆಂಗಳೂರು ಪ್ರಧಾನ ಪೀಠದ ವ್ಯಾಪ್ತಿಗೆ ಸೇರುವುದರಿಂದ ಮೇಲ್ಮನವಿ ಅಲ್ಲಿಗೆ ಹೋಗುತ್ತದೆ. ಅಲ್ಲಿ ಸಾಕ್ಷ್ಯದ ಮರುಪರಿಶೀಲನೆಯ ಜೊತೆಗೆ, ಎನ್‌ಡಿಪಿಎಸ್ ಎಂದೇ ಪರಿಚಿತವಾದ 1985ರ ಮಾದಕ ದ್ರವ್ಯ ಕಾಯ್ದೆಯ ಪದಗಳ ವ್ಯಾಪ್ತಿ ಎಷ್ಟೆಂಬುದೂ ತೀರ್ಮಾನವಾಗಬೇಕಾಗುತ್ತದೆ.

ಈ ಕಾಯ್ದೆಯಲ್ಲಿ ಶಿಕ್ಷೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ತೂಕ. ಗಾಂಜಾ ಒಂದು ಕಿಲೋಗಿಂತ ಕಡಿಮೆಯಿದ್ದರೆ ಅದು ‘ಅಲ್ಪ ಪ್ರಮಾಣ’, ಗರಿಷ್ಠ ಶಿಕ್ಷೆ ಒಂದು ವರ್ಷ. 20 ಕಿಲೋ ದಾಟಿದರೆ ‘ವಾಣಿಜ್ಯ ಪ್ರಮಾಣ’, ಕನಿಷ್ಠ ಶಿಕ್ಷೆಯೇ ಹತ್ತು ವರ್ಷ. ಆದರೆ ವ್ಯಾಖ್ಯೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂಬಿಟ್ಟ ಅಥವಾ ಕಾಯಿಬಿಟ್ಟ ತುದಿಗಳು ಮಾತ್ರ. ತುದಿಗಳ ಜೊತೆಯಿಲ್ಲದ ಎಲೆಯೂ ಬೀಜವೂ ಅದಕ್ಕೆ ಸೇರುವುದಿಲ್ಲ. ಹೊಲದ ಹಸಿಗಿಡವನ್ನು ಬೇರು, ಕಾಂಡಗಳ ಸಮೇತ ಕಿತ್ತು ತೂಗಿ, ಬಂದ ಅಂಕಿಯನ್ನೇ ಮಹಜರಿನಲ್ಲಿ ಗಾಂಜಾದ ತೂಕವೆಂದು ಬರೆದಾಗ ಏಳುವ ತಕರಾರು ಇಲ್ಲಿಂದಲೇ ಹುಟ್ಟುತ್ತದೆ. (ಗಿಡ ಬೆಳೆಸುವುದೇ ಬೇರೆ ಅಪರಾಧ, ಅದಕ್ಕೆ ತೂಕ ಎಷ್ಟಿದ್ದರೂ ಹತ್ತು ವರ್ಷದವರೆಗೆ ಶಿಕ್ಷೆ ವಿಧಿಸಬಹುದು.) ಮಾದಕವಲ್ಲದ ಪದಾರ್ಥ ಬೆರೆತಿದ್ದರೆ ಶುದ್ಧ ಮಾದಕಾಂಶವನ್ನಷ್ಟೇ ಅಲ್ಲ, ಇಡೀ ಮಿಶ್ರಣವನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿ, 2008ರ ತನ್ನದೇ ತೀರ್ಪನ್ನು ತಳ್ಳಿಹಾಕಿತು. ಆದರೂ ಗಿಡಕ್ಕೆ ಹುಟ್ಟಿನಿಂದಲೇ ಇರುವ ಬೇರು, ಕಾಂಡಗಳನ್ನು ಯಾರೋ ಬೆರೆಸಿದ ಮಿಶ್ರಣವೆಂದು ಕರೆಯುವುದು ಆ ತೀರ್ಪಿನ ತರ್ಕವನ್ನು ಅತಿಯಾಗಿ ಎಳೆದಂತೆಯೇ ಸರಿ.

2022ರಲ್ಲಿ ಕರ್ನಾಟಕ ಹೈಕೋರ್ಟು, ಬೆಂಗಳೂರಿನ ಪ್ರಕರಣವೊಂದರ ಜಾಮೀನು ಆದೇಶದಲ್ಲಿ, ಬಿಡಿ ಎಲೆಯನ್ನು ಹೊರಗಿಡುವ ಗಾಂಜಾದ ಇದೇ ವ್ಯಾಖ್ಯೆಯನ್ನು ಅನುಸರಿಸಿ, ಭಾಂಗ್ ಗಾಂಜಾದಿಂದಲೋ ಚರಸ್‌ನಿಂದಲೋ ತಯಾರಾದುದೆಂದು ತೋರಿಸುವ ಆಧಾರವಿಲ್ಲದಿದ್ದಾಗ ಅದು ಈ ಕಾಯ್ದೆಯಡಿ ಬರುವುದಿಲ್ಲವೆಂದು ಹೇಳಿತು.

ಶೋಧನೆಯ ನಿಯಮ ಇನ್ನೂ ಸೂಕ್ಷ್ಮವಾದುದು. ವ್ಯಕ್ತಿಯ ಮೈ ತಪಾಸಣೆಗೆ ಮುನ್ನ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ತಪಾಸಣೆ ಕೇಳುವ ಹಕ್ಕು ಅವನಿಗಿದೆಯೆಂದು ತಿಳಿಸಬೇಕೆಂಬ 50ನೇ ಕಲಮನ್ನು ಕಟ್ಟುನಿಟ್ಟಾಗಿ ಪಾಲಿಸಲೇಬೇಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2010ರಲ್ಲಿ ವಿಜಯ್‌ಸಿಂಹ ಜಡೇಜ ಪ್ರಕರಣದಲ್ಲಿ ನಿರ್ಣಯಿಸಿತು. ಆದರೆ 2005ರ ಪವನ್ ಕುಮಾರ್ ತೀರ್ಪಿನಂತೆ ಕೈಯಲ್ಲಿರುವ ಚೀಲ ‘ಮೈ’ ಅಲ್ಲ. ಹೀಗಾಗಿ ಅರಸೀಕೆರೆ ಜಂಕ್ಷನ್ನಿನಲ್ಲಿ ಪ್ರಯಾಣಿಕನ ಜೇಬಿನಿಂದ ಸಿಕ್ಕ ಪೊಟ್ಟಣಕ್ಕೆ ಒಂದು ನಿಯಮ, ಚೀಲದಿಂದ ಸಿಕ್ಕದ್ದಕ್ಕೆ ಇನ್ನೊಂದು. ಇಂಥ ಕಾರಣಕ್ಕೆ ಆರೋಪಿ ಬಿಡುಗಡೆಯಾದಾಗ ‘ತಾಂತ್ರಿಕ ದೋಷದಿಂದ ಪಾರಾದ’ ಎನ್ನುವ ಮಾತು ಕೇಳಿಬರುತ್ತದೆ. ಹತ್ತು ವರ್ಷದ ಸೆರೆವಾಸ ಬಹುಪಾಲು ತಪಾಸಣೆ ಮಾಡಿದವರ ಹೇಳಿಕೆಯ ಮೇಲೆಯೇ ನಿಂತಿರುವಾಗ, ಆ ತಪಾಸಣೆಯ ಕ್ರಮವನ್ನು ಬರೀ ತಾಂತ್ರಿಕವೆಂದು ಬದಿಗೊತ್ತುವುದು ಅನ್ಯಾಯ.