ದಿನಾಂಕ ತಪ್ಪಿದ್ದೆಲ್ಲಿ? ದತ್ತಸಂಚಯದಲ್ಲೋ, ಜಾಲಪುಟದಲ್ಲೋ?

1956ರ ನವೆಂಬರ್ 1ರಂದು ಕನ್ನಡನಾಡು ಒಂದುಗೂಡಿತು. ಪುಣೆಯ ಕನ್ನಡಿಗರಾದ ನಾವು ಆ ದಿನವನ್ನು ಮರೆಯುವವರಲ್ಲ. ಆದರೆ ಗಣಕಯಂತ್ರ ಅದನ್ನು ತಪ್ಪಾಗಿ ತೋರಿಸುವುದುಂಟು. ರಾಜ್ಯೋತ್ಸವದ ಆಮಂತ್ರಣದಲ್ಲಿ ಪುಣೆಯ ಮನೆಗಳಿಗೆ 'ನವೆಂಬರ್ 1' ಎಂದು ಕಾಣುವ ದಿನಾಂಕ, ನ್ಯೂಜೆರ್ಸಿಯಲ್ಲಿ ನೆಲೆಸಿರುವ ಮಗಳಿಗೆ 'ಅಕ್ಟೋಬರ್ 31' ಎಂದು ಕಾಣಬಹುದು. ಹಿರಿಯ ಸದಸ್ಯರ ಜನ್ಮದಿನದ ಜಾಗದಲ್ಲಿ '1 ಜನವರಿ 1970' ಎಂದು ಮೂಡಬಹುದು.

ಇಂತಹ ಸಂದರ್ಭದಲ್ಲಿ ಅವಸರದಿಂದ ದತ್ತಸಂಚಯದ, ಅಂದರೆ ಡೇಟಾಬೇಸಿನ, ದಿನಾಂಕವನ್ನೇ ತಿದ್ದುವುದು ಅಪಾಯಕರ. ಸರಿಯಾಗಿದ್ದ ಮೂಲ ದಾಖಲೆಯೂ ಕೆಡುತ್ತದೆ. ಮೊದಲು ಜಾಲಪುಟವನ್ನು ಬದಿಗಿಟ್ಟು, ದತ್ತಸಂಚಯದಲ್ಲಿ ಏನಿದೆಯೆಂದು ನೋಡಬೇಕು. ಅಲ್ಲಿ ಸರಿಯಿದ್ದರೆ ದೋಷ ಪುಟಕ್ಕೆ ತರುವ ದಾರಿಯಲ್ಲಿದೆ; ಅಲ್ಲಿಯೇ ತಪ್ಪಿದ್ದರೆ ನಮೂದಿಸುವಾಗಲೇ ಎಡವಟ್ಟಾಗಿದೆ. ತಪ್ಪಿನ ಚಹರೆಯೂ ಕಾರಣದ ಸುಳಿವು ಕೊಡುತ್ತದೆ.

ಒಂದು ದಿನ ಹಿಂದೆ ಸರಿದಿದ್ದರೆ: ಇದು ಕಾಲಮಾನದ ಗೊಂದಲ. ನಮ್ಮ ಗಡಿಯಾರ ಯುಟಿಸಿ ಎಂಬ ಜಾಗತಿಕ ಕಾಲಮಾನಕ್ಕಿಂತ ಐದೂವರೆ ಗಂಟೆ ಮುಂದಿದೆ. '2026-11-01' ಎಂಬ ಬರಿಯ ದಿನಾಂಕವನ್ನು ಕೊಟ್ಟರೆ ಬ್ರೌಸರಿನ ಜಾವಾಸ್ಕ್ರಿಪ್ಟ್ ಅದನ್ನು ಯುಟಿಸಿಯ ನಡುರಾತ್ರಿ ಎಂದು ಗ್ರಹಿಸುತ್ತದೆ. ಪುಣೆಯಲ್ಲಿ ಆಗ ಬೆಳಗಿನ 5.30, ದಿನ ಬದಲಾಗದು. ನ್ಯೂಜೆರ್ಸಿಯಲ್ಲಾದರೋ ಹಿಂದಿನ ದಿನದ ರಾತ್ರಿ 8 ಗಂಟೆ! ಆದ್ದರಿಂದಲೇ ಇಲ್ಲಿ ಕುಳಿತು ಪರೀಕ್ಷಿಸಿದವರಿಗೆ ಈ ತಪ್ಪು ಕಾಣುವುದಿಲ್ಲ. ಹಬ್ಬ, ಜನ್ಮದಿನಗಳಿಗೆ ಗಂಟೆಯ ಹಂಗಿಲ್ಲ. ಅವನ್ನು ಸಮಯವಿಲ್ಲದ 'ಡೇಟ್' ಮಾದರಿಯಲ್ಲಿಯೇ ಉಳಿಸಿ, ಕಾಲಮಾನದ ಪರಿವರ್ತನೆಗೆ ಒಳಪಡಿಸದೆ ತೋರಿಸಬೇಕು.

ದಿನ, ತಿಂಗಳು ಅದಲುಬದಲಾಗಿದ್ದರೆ: 05/11/1948 ನಮಗೆ ನವೆಂಬರ್ 5, ಅಮೆರಿಕದ ರೂಢಿಯಲ್ಲಿ ಮೇ 11. ಅನೇಕ ಜಾಲತಾಣಗಳಿಗೆ ಆಧಾರವಾಗಿರುವ ಪಿಎಚ್‌ಪಿ ಭಾಷೆ, ಓರೆಗೆರೆಯಿರುವ ಇಂತಹ ದಿನಾಂಕವನ್ನು ಅಮೆರಿಕದ ಕ್ರಮದಲ್ಲಿಯೇ ಓದುತ್ತದೆ.

1970 ಎಂದು ಬಂದಿದ್ದರೆ: ಗಣಕಯಂತ್ರಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುವ ಪದ್ಧತಿಯೊಂದಿದೆ. ದಿನಾಂಕ ಖಾಲಿಯಿದ್ದರೆ ಅಥವಾ ಅರ್ಥವಾಗದಿದ್ದರೆ ಬೆಲೆ ಸೊನ್ನೆಯಾಗಿ ಆ ದಿನವೇ ಮೂಡುತ್ತದೆ. ಮೇಲಿನ ಅಮೆರಿಕದ ಕ್ರಮದಲ್ಲಿ 25/11/1948 ಎಂಬುದನ್ನು ಓದಿದಾಗ ಇದೇ ಆಗುತ್ತದೆ, ಏಕೆಂದರೆ ಇಪ್ಪತ್ತೈದನೆಯ ತಿಂಗಳೇ ಇಲ್ಲ! ಹೀಗಾಗಿ ಪರೀಕ್ಷೆಗೆ 12ಕ್ಕಿಂತ ಹೆಚ್ಚಿನ ದಿನವೊಂದನ್ನೂ ಕಡಿಮೆಯ ದಿನವೊಂದನ್ನೂ ಬಳಸುವುದು ಒಳ್ಳೆಯದು.

ಕೊನೆಯ ಎರಡು ತಪ್ಪುಗಳು ನಮೂದಿಸುವಾಗಲೇ ನಡೆದಿದ್ದರೆ ದತ್ತಸಂಚಯದಲ್ಲಿ ನಿಜವಾದ ದಿನಾಂಕ ಉಳಿದೇ ಇರುವುದಿಲ್ಲ. ಮೇ 11 ಕೂಡ ಸಾಧುವಾದ ದಿನಾಂಕವೇ ಆದುದರಿಂದ ಊಹಿಸಿ ತಿದ್ದುವಂತಿಲ್ಲ. ಆಗ ನೆರವಿಗೆ ಬರುವುದು ಸದಸ್ಯರೇ ಕೈಯಾರೆ ತುಂಬಿಕೊಟ್ಟ ಕಾಗದದ ಅರ್ಜಿ. ಆದುದರಿಂದ ಹಳೆಯ ಅರ್ಜಿಗಳನ್ನು ರದ್ದಿಗೆ ಹಾಕದಿರೋಣ. ತಿದ್ದುವ ಮುನ್ನ ದತ್ತಸಂಚಯದ ಪ್ರತಿಯೊಂದನ್ನು ತೆಗೆದಿರಿಸೋಣ. ದಾಖಲೆಯಲ್ಲಿ ವರ್ಷ-ತಿಂಗಳು-ದಿನ ಎಂಬ ಐಎಸ್‌ಒ 8601 ಕ್ರಮವಿರಲಿ. ಓದುಗರ ಮುಂದೆ ತಿಂಗಳ ಹೆಸರು ಅಕ್ಷರದಲ್ಲಿರಲಿ. '1 ನವೆಂಬರ್ 2026' ಎಂದು ಬರೆದರೆ ಪುಣೆಯ ಅಜ್ಜನೂ ನ್ಯೂಜೆರ್ಸಿಯ ಮೊಮ್ಮಗಳೂ ಓದುವುದು ಒಂದೇ ದಿನವನ್ನು.